ಕಡಲು ಕಾಣದ ಪೆಟ್ಟಿಗೆ

“ಹೊಡಿ ಬಚ್ಚಪ್ಪ, ಇನ್ನೊಂದೇ ಏಟು,” ಎಂದೆ.

ಬಂಗಾರಪೇಟೆ ಗೂಡ್ಸ್ ಶೆಡ್ಡಿನ ಹಮಾಲಿ ಬಚ್ಚಪ್ಪ ಅಂಗೈಗೆ ಉಗುಳಿಕೊಂಡು ಸುತ್ತಿಗೆ ಎತ್ತಿದ. ತುಕ್ಕು ಹಿಡಿದ ಬೋಲ್ಟು ಮುರಿಯಿತು. ಎರಕದ ಕಬ್ಬಿಣದ ಪೆಟ್ಟಿಗೆಯ ಮೇಲಿನ ಅರ್ಧ ಠಣ್ಣೆಂದು ಎದ್ದು ಪಕ್ಕಕ್ಕೆ ಬಿತ್ತು. ಒಳಗೆ, ನೀರು ನುಗ್ಗದಂತೆ ಹೊಯ್ದು ಗಟ್ಟಿಯಾದ ಡಾಂಬರು ಕಪ್ಪಗೆ ಹೊಳೆಯುತ್ತಿತ್ತು.

“ನೋಡಿದ್ರಲ್ಲ ಮೇಡಂ, ತೃಪ್ತಿ ಆಯ್ತಲ್ಲ?” ಎಂದ ಕೋದಂಡಪ್ಪ. “ಡಾಂಬರಿನ ಒಳಗೆ ಸೀಸದ ಕೊಳವೆ, ಅದರ ಒಳಗೆ ಆ ಮುದುಕ ಮಾಡಿದ ಜಾಯಿಂಟು. ಇದರಲ್ಲಿ ನೋಡೋದೇನಿದೆ?”

ಕೋದಂಡಪ್ಪ ಕಂಟ್ರಾಕ್ಟರು. ಗೂಡ್ಸ್ ಶೆಡ್ಡಿಗೂ ಬಿಳಿ ಪ್ಯಾಂಟು ಹಾಕಿಕೊಂಡೇ ಬರುವವನು. ಅವನ ಮೇಲೆ ನನಗೆ ಮೊದಲ ದಿನದಿಂದಲೂ ಒಳ್ಳೆಯ ಅಭಿಪ್ರಾಯವಿಲ್ಲ. ಅದನ್ನು ಮುಚ್ಚಿಡುವ ಅಭ್ಯಾಸವೂ ಈ ಗಂಗರತ್ನಮ್ಮನಿಗಿಲ್ಲ. ವಿಮಾ ಕಂಪನಿಯ ತನಿಖೆಯ ಕೆಲಸಕ್ಕೆ ಸೇರಿದ ಮೇಲೆ ಇರುವ ಸೌಜನ್ಯವೂ ಹೋಯಿತು ಎಂದು ನನ್ನ ತಂಗಿ ಹೇಳುತ್ತಿರುತ್ತಾಳೆ.

ಬಿಳಿಗಲ್ಲು ದ್ವೀಪಕ್ಕೆ ಕಡಲ ತಳದಲ್ಲಿ ಎಳೆದ ಕರೆಂಟಿನ ಕೇಬಲ್ಲು ತಿಂಗಳು ತುಂಬುವ ಮೊದಲೇ ಸತ್ತಿತ್ತು. ದೋಣಿಕಟ್ಟೆಯ ದೀಪ ಆರಿ, ಕತ್ತಲಲ್ಲಿ ಬಂಡೆಗೆ ಬಡಿದ ದೋಣಿಯಲ್ಲಿ ಇಬ್ಬರು ಮೀನುಗಾರರು ಮುಳುಗಿ ಹೋಗಿದ್ದರು.

ತಪ್ಪು ಕೇಬಲ್ಲಿನದಾದರೆ ಅದನ್ನು ಕೊಂಡು ತಂದ ಕೋದಂಡಪ್ಪ ಜೈಲಿಗೆ. ತಪ್ಪು ನಡುಗಡಲಲ್ಲಿ ಎರಡು ತುಂಡು ಕೇಬಲ್ಲು ಸೇರಿಸಿದ ಜಾಯಿಂಟಿನದಾದರೆ, ಅದನ್ನು ಮಾಡಿದ ಕೆ.ಜಿ.ಎಫ್. ಚಿನ್ನದ ಗಣಿಯ, ಚಾಂಪಿಯನ್ ರೀಫ್ಸಿನ ಕುಪ್ಪುಸ್ವಾಮಿ ಜೈಲಿಗೆ. ಕೋದಂಡಪ್ಪ ಆ ಜಾಯಿಂಟನ್ನು ಕಡಲಿಂದ ಎತ್ತಿಸಿದೆ ಎಂದು ಹೇಳಿ, ಪೆಟ್ಟಿಗೆಯ ಸಮೇತ ರೈಲಿನಲ್ಲಿ ಇಲ್ಲಿಗೆ ಕಳಿಸಿದ್ದ. ಮುದುಕ ಬಂದು ನೋಡಿ, “ಔದು ಸಾಮಿ, ನನ್ ಕೈದೇ,” ಎಂದು ಪೊಲೀಸರ ಕಾಗದಕ್ಕೆ ಸಹಿ ಹಾಕಿಬಿಟ್ಟಿದ್ದ. ಅವನನ್ನು ಕರೆದೊಯ್ಯಲು ಕರಾವಳಿಯ ಪೊಲೀಸರು ನಾಳೆ ಬರುವವರಿದ್ದರು.

ನಾನು ಬಗ್ಗಿ ಪೆಟ್ಟಿಗೆಯ ಹೊರಮೈ ನೋಡಿದೆ. ತುಂಬ ಚಿಪ್ಪುಗಳು ಅಂಟಿಕೊಂಡಿದ್ದವು. ಒಂದೊಂದೂ ಹೆಬ್ಬೆರಳಿನಷ್ಟು ದೊಡ್ಡದು.

“ಕೋದಂಡಪ್ಪನವರೇ, ಇದು ಕಡಲಲ್ಲಿ ಎಷ್ಟು ದಿನ ಇತ್ತು?”

“ತಿಂಗಳಿಗೂ ಕಡಿಮೆ.”

“ಅಷ್ಟರಲ್ಲೇ ಚಿಪ್ಪುಗಳ ಸಂಸಾರ ಇಷ್ಟು ಬೆಳೆಯಿತೇ? ಆ ಕಡಲಿಗೆ ನಮ್ಮ ಹೊಲದ ಗೊಬ್ಬರ ಏನಾದರೂ ಹಾಕಿದ್ದಿರಾ?”

ಬಚ್ಚಪ್ಪ ಕಿಸಕ್ಕೆಂದ. ಕೋದಂಡಪ್ಪ ನಗಲಿಲ್ಲ. “ದಡಕ್ಕೆ ಎಳೆಯುವಾಗ ಮರಳಲ್ಲಿ ಹೊರಳಿದೆ ಮೇಡಂ. ಅಂಟಿಕೊಂಡಿರ್ತದೆ.”

ಇರಬಹುದು. ಡಾಂಬರು ಮೆತ್ತಿದ ಪೆಟ್ಟಿಗೆಗೆ ಏನು ಬೇಕಾದರೂ ಅಂಟುತ್ತದೆ. ಇಷ್ಟರ ಮೇಲೆಯೇ ಒಬ್ಬನನ್ನು ಬಿಡಿಸಿ ಇನ್ನೊಬ್ಬನನ್ನು ಕಟ್ಟಿಹಾಕಲು ಆಗುವುದಿಲ್ಲ.

ಆಮೇಲೆ ನನ್ನ ಕಣ್ಣು ಒಳಗಿನ ಡಾಂಬರಿನ ಮೇಲೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

ನಾನು ಹುಟ್ಟಿದ್ದು ಬೂದಿಕೋಟೆಯ ಕಡೆ. ನಮ್ಮ ತಾತನ ಆಲೆಮನೆಯಲ್ಲಿ ಅಚ್ಚಿಗೆ ಬೆಲ್ಲದ ಪಾಕ ಹೊಯ್ಯುವುದನ್ನು ನೋಡುತ್ತ ಬೆಳೆದವಳು. ಬಿಸಿ ಪಾಕ ಆರುವಾಗ ಕುಗ್ಗುತ್ತದೆ. ಯಾವ ಮುಖ ಮೇಲಿರುತ್ತದೋ ಆ ಮುಖ ನಡುವೆ ಗುಳಿ ಬೀಳುತ್ತದೆ. ಅಚ್ಚಿನಿಂದ ತೆಗೆದ ಮೇಲೂ ಬೆಲ್ಲ ಯಾವ ಕಡೆ ಮೇಲೆ ಮಾಡಿ ಕೂತಿತ್ತು ಎಂದು ಕಣ್ಣು ಮುಚ್ಚಿ, ಬೆರಳಿಂದ ಸವರಿ ಹೇಳಬಹುದು.

ಡಾಂಬರೂ ಹಾಗೆಯೇ. ಈ ಪೆಟ್ಟಿಗೆ ಸುಮಾರು ನನ್ನ ಸೊಂಟದೆತ್ತರ ಉದ್ದ. ಉದ್ದಕ್ಕೂ ಡಾಂಬರು ಅಂಚಿನವರೆಗೆ ತುಂಬಿ, ಹಲಗೆಯಂತೆ ನುಣ್ಣಗಿತ್ತು. ಗುಳಿ ಇದ್ದದ್ದು ಒಂದು ತುದಿಯಲ್ಲಿ ಮಾತ್ರ. ಮುಷ್ಟಿ ಇಡುವಷ್ಟು ಆಳದ ಗುಳಿ.

ಅಂದರೆ ಡಾಂಬರು ಹೊಯ್ದಾಗ ಪೆಟ್ಟಿಗೆ ಮಲಗಿರಲಿಲ್ಲ. ಕಂಬದಂತೆ ನಿಂತಿತ್ತು.

ಪೆಟ್ಟಿಗೆಗೆ ಹೊಯ್ಯುವ ತೂತುಗಳು ಎರಡು, ಒಂದು ನಡುವೆ, ಒಂದು ತುದಿಯಲ್ಲಿ. ಎರಡಕ್ಕೂ ಒಂದೇ ಥರದ ತಿರುಪಿನ ಬಿರಡೆ. ಹೊರಗಿಂದ ನೋಡಿದವರಿಗೆ ಯಾವುದರಿಂದ ಹೊಯ್ದರು ಎಂದು ತಿಳಿಯುವಂತೆಯೇ ಇರಲಿಲ್ಲ. ಒಡೆಯದೆ ಗೊತ್ತಾಗದ ಸಂಗತಿ ಇದು. ಒಡೆಯಬೇಡಿ ಎಂದು ಕೋದಂಡಪ್ಪ ಬೆಳಗಿನಿಂದ ನನ್ನ ಹಿಂದೆ ಬಿದ್ದಿದ್ದ.

“ಡಾಂಬರು ಹೊಯ್ಯುವಾಗ ನೀವು ಬಾರ್ಜಿನ ಮೇಲೆಯೇ ಇದ್ದಿರಾ?” ಎಂದು ಕೇಳಿದೆ.

“ಇದ್ದೆನಲ್ಲ. ಚಪ್ಪಟೆ ತಳದ ದೊಡ್ಡ ದೋಣಿ ಅದು. ನಡುಗಡಲಲ್ಲಿ ಎರಡು ತುಂಡು ಕೇಬಲ್ಲು ಎತ್ತಿಹಿಡಿದು ಅದರ ಮೇಲೆಯೇ ಜಾಯಿಂಟು ಮಾಡಿದ್ದು.”

“ಪೆಟ್ಟಿಗೆಯನ್ನ ಮಲಗಿಸಿದ್ದರೋ, ನಿಲ್ಲಿಸಿದ್ದರೋ?”

ಕೋದಂಡಪ್ಪ ಉತ್ತರ ಕೊಡುವ ಮೊದಲು ಡಾಂಬರಿನ ಕಡೆ ನೋಡಿದ. ತುದಿಯ ಗುಳಿ ನೋಡಿದ. ಆಮೇಲೆ ನನ್ನ ಮುಖ ನೋಡಿದ. ದಡ್ಡನಲ್ಲ.

“ನಿಲ್ಲಿಸಿದ್ದರು,” ಎಂದ.

“ನೆನಪು ಗಟ್ಟಿಯಾಗಿದೆಯಾ?”

“ಕಣ್ಣಿಗೆ ಕಟ್ಟಿದ ಹಾಗಿದೆ ಮೇಡಂ. ಇಬ್ಬರು ಹಿಡಕೊಂಡಿದ್ದರು, ಮುದುಕ ಮೇಲಿಂದ ಹೊಯ್ದ.”

ಅಲೆಗೆ ತೂಗುವ ದೋಣಿಯಲ್ಲಿ, ಎರಡು ಕಡೆಯಿಂದ ತೊಡೆ ಗಾತ್ರದ ಕೇಬಲ್ಲು ಎಳೆಯುತ್ತಿರುವಾಗ ಪೆಟ್ಟಿಗೆಯನ್ನು ಹೇಗೆ ನಿಲ್ಲಿಸುತ್ತಾರೆ? ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ತಿಳಿಯುವವರೆಗೆ ನನಗೆ ಊಟ ಸೇರುವುದಿಲ್ಲ.

ಫೋಟೋ ತೆಗೆಸೋಣವೆಂದರೆ ಸ್ಟುಡಿಯೋದ ಸೀನಪ್ಪ ಯಾರದೋ ಮದುವೆಗೆಂದು ಬೀಗ ಹಾಕಿ ಹೋಗಿದ್ದ. ಪೆಟ್ಟಿಗೆಯನ್ನು ಕೋದಂಡಪ್ಪನ ಕೈಗೆಟಕುವ ಜಾಗದಲ್ಲಿ ಬಿಡಲು ಮನಸ್ಸಾಗಲಿಲ್ಲ. ಮೆಟಡಾರ್ ವ್ಯಾನಿಗೆ ಏರಿಸಿ, ನಾನೂ ಪಕ್ಕದಲ್ಲೇ ಕೂತು ಕೆ.ಜಿ.ಎಫ್. ದಾರಿ ಹಿಡಿದೆ.

*

ಚಾಂಪಿಯನ್ ರೀಫ್ಸಿನಲ್ಲಿ ಗಣಿ ಕಾರ್ಮಿಕರ ಲೈನ್ ಮನೆಗಳ ಎದುರು ವ್ಯಾನು ನಿಂತಾಗ ಮೊದಲು ಓಡಿಬಂದವಳು ಅಮ್ಮಾಜಮ್ಮ. ಕುಪ್ಪುಸ್ವಾಮಿಯ ಒಬ್ಬಳೇ ಮಗಳು. ಹೋದ ವಾರ ಬಂಗಾರಪೇಟೆಗೆ ಬಂದು ನನ್ನ ಎರಡೂ ಕೈ ಹಿಡಿದು, “ನಮ್ಮಪ್ಪ ಜೈಲ್ ಪಾಲಾಗ್ಬಾರ್ದು ಅಮ್ಮ, ನಿಜ ಏನೈತೋ ತೆಗೀರಿ,” ಎಂದು ಅತ್ತವಳು ಇವಳೇ.

ಅವಳ ಹಿಂದೆ ಗಂಡ ಕದಿರಪ್ಪ. ಗಣಿಯ ಕೇಬಲ್ ಗ್ಯಾಂಗಿನವನು, ಮಾವನ ಕೈಕೆಳಗೇ ಕೆಲಸ ಕಲಿತವನು. ಮಾವನ ಜಾಮೀನಿಗೆಂದು ವಕೀಲರ ಮನೆ ಸುತ್ತಿ ಚಪ್ಪಲಿ ಸವೆಸಿದವನೂ ಅವನೇ. ಡ್ರೈವರನ ಜೊತೆ ಕೈಕೊಟ್ಟು ಪೆಟ್ಟಿಗೆಯನ್ನು ಜಗಲಿಗೆ ಇಳಿಸಿದ. ಒಡೆದ ಪೆಟ್ಟಿಗೆಯೊಳಗೆ ಒಮ್ಮೆ ಇಣುಕಿದ.

“ಯಾಕಮ್ಮ ಬಿಚ್ಚಿಸ್ಬುಟ್ರಿ?” ಎಂದ.

“ಕುತೂಹಲಕ್ಕಪ್ಪ.”

“ನಂಗೆ ಶಿಫ್ಟಿಗೆ ಒತ್ತಾಯ್ತು, ಬತ್ತೀನಿ,” ಎಂದು ಒಳಗೂ ಹೋಗದೆ ಸೈಕಲ್ ಹತ್ತಿ ಹೊರಟ.

ಕುಪ್ಪುಸ್ವಾಮಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಒಣಕಲು ಮನುಷ್ಯ. ಕೈಗಳು ಮಾತ್ರ ಬೇರೆ ಯಾರದೋ ದೊಡ್ಡ ಆಳಿನಿಂದ ತಂದು ಜೋಡಿಸಿದ ಹಾಗಿದ್ದವು. ನನ್ನನ್ನು ಕಂಡು ಏಳಲು ಹೋದ. ಬೇಡವೆಂದೆ.

“ಕುಪ್ಪುಸ್ವಾಮಿಯವರೇ, ಇದು ನಿಮ್ಮ ಜಾಯಿಂಟೇ ಅಂತ ಹೇಗೆ ಒಪ್ಪಿಕೊಂಡಿರಿ?”

“ತಂತಿ ಸುತ್ತು ನೋಡಿ ಅಮ್ಮ.” ಪೆಟ್ಟಿಗೆಯ ತುದಿಯಲ್ಲಿ ಕೇಬಲ್ಲಿನ ಉಕ್ಕಿನ ತಂತಿಗಳನ್ನು ಮಡಿಸಿ ಬಿಗಿದ ಜಾಗವನ್ನು ತೋರಿಸಿದ. “ಕೊನೇ ಸುತ್ತು ಒಳಕ್ ಸಿಗಿಸಿವ್ನಿ. ಶಾಫ್ಟಿನಾಗೆ, ಗಣಿ ಬಾವಿಯಾಗೆ, ಕತ್ಲಲ್ಲಿ ಯಾರಾನ ಕೈ ಸವರಿದ್ರೆ ತಂತಿ ಚುಚ್ಬಾರ್ದು ಅಂತ. ಈ ಥರ ನನ್ ಬಿಟ್ಟು ಇನ್ಯಾರೂ ಮಾಡಾಕಿಲ್ಲ. ನನ್ ಕೈ ಕೆಲ್ಸ ನಂದಲ್ಲ ಅಂತ ಎಂಗಮ್ಮ ಏಳ್ಲಿ?”

ನನಗೆ ಸಿಟ್ಟು ಬಂತು. ಮಾಡಿದ ಕೆಲಸದ ಮೇಲಿನ ಅಭಿಮಾನಕ್ಕೆ ಬಿದ್ದು ಜೈಲಿಗೆ ಸಹಿ ಹಾಕುವ ಮನುಷ್ಯನನ್ನು ಏನು ಮಾಡಬೇಕು? ತನ್ನ ಕೈ ಹೌದೋ ಅಲ್ಲವೋ ಎಂದಷ್ಟೇ ನೋಡಿದ. ಎಲ್ಲಿ ಮಾಡಿದ್ದು ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

“ಕಡಲಿನ ಕೆಲಸ ಹೇಗಿತ್ತು, ಹೇಳಿ,” ಎಂದೆ.

ಅವನ ಮುಖ ಅರಳಿತು. “ಅಯ್ಯೋ, ಅದೊಂದ್ ಕತೆ ಅಮ್ಮ. ಮೈಲಿ ಆಳದಾಗೆ ಕೆಲ್ಸ ಮಾಡ್ದೋನಿಗೆ ಭಯ ಅಂದ್ರೇನು ಗೊತ್ತಿರ್ಲಿಲ್ಲ. ಅಲ್ಲಿ ಮ್ಯಾಲೆ ನೋಡಿದ್ರೆ ಆಕಾಸ, ಕೆಳಗ್ ನೋಡಿದ್ರೆ ನೀರು. ಇಡ್ಕೊಳ್ಳಾಕೆ ಒಂದು ಗೋಡೆ ಇಲ್ಲ! ಡ್ರಮ್ಮಿಂದ ಕೇಬಲ್ಲು ಬಿಚ್ಚಿ ಬಿಚ್ಚಿ ನೀರಿಗ್ ಬಿಡ್ತಿದ್ರು, ಆವು ಬಿಲಕ್ ಓದಂಗೆ ಓಗ್ತಿತ್ತು. ಈ ತುಂಡು ಮುಗೀತು, ಇನ್ನೊಂದು ಡ್ರಮ್ಮು ಬಂತು. ಎರಡೂ ಸೇರ್ಸೋದು ನನ್ ಕೆಲ್ಸ.”

“ನಮ್ಮ ಗಣಿಯವರನ್ನೇ ಯಾಕೆ ಕರೆದರು?”

“ಶಾಫ್ಟಿನ ಕೇಬಲ್ಲು, ಅಲ್ಲಿನ ಕೇಬಲ್ಲು ಒಂದೇ ಗಾತ್ರ ಅಮ್ಮ. ಒಂದೇ ಪೆಟ್ಟಿಗೆ. ಇಂಥ ದಪ್ಪದ್ದು ಸೇರ್ಸೋರು ನಮ್ಮೂರ್ ಬಿಟ್ರೆ ಎಲ್ಲವ್ರೆ?” ಅವನ ಧ್ವನಿ ಇಳಿಯಿತು. “ಕೆಲ್ಸ ಮುಗಿದು ಸ್ವಿಚ್ ಆಕಿದ್ ದಿನ ನಾನಲ್ಲೇ ಇದ್ದೆ. ಒಂದ್ ಮುದ್ಕಿ ಬಲ್ಬಿನ ಕೆಳಗೆ ಕೂತ್ಕೊಂಡು ಸುಮ್ನೆ ತನ್ ಕೈ ತಾನೇ ತಿರುಗ್ಸಿ ತಿರುಗ್ಸಿ ನೋಡ್ಕಂತಿದ್ಲು. ಅದು ಆರೋಯ್ತಲ್ಲ, ಎಲ್ಡು ಜೀವ ಓಯ್ತಲ್ಲ. ನಿದ್ದೆ ಬರಾಕಿಲ್ಲ ಅಮ್ಮ.”

ಅಮ್ಮಾಜಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಕೇಳಬೇಕಾದ್ದನ್ನು ಈಗಲೇ ಕೇಳಿದೆ.

“ಬಾರ್ಜಿನ ಮೇಲೆ ಡಾಂಬರು ಹೊಯ್ಯುವಾಗ ಪೆಟ್ಟಿಗೆ ಹೇಗಿತ್ತು?”

“ಎಂಗೆ ಅಂದ್ರೆ? ಮಲಗ್ಸಿ. ಎರಡು ಮರದ ಕುದುರೆ, ಆ ಕಾಲಿರೋ ಸ್ಟ್ಯಾಂಡು, ಅದ್ರ ಮ್ಯಾಲೆ ಮಲಗ್ಸಿ, ನಡೂ ತೂತಿಂದ ಉಯ್ದೆ.”

“ನಿಲ್ಲಿಸಲಿಲ್ಲವೇ?”

ಕುಪ್ಪುಸ್ವಾಮಿ ನಕ್ಕುಬಿಟ್ಟ. “ಕಡಲಾಗೆ ಎಂಗಮ್ಮ ನಿಲ್ಸೋದು? ಮನುಷ್ಯನೇ ನಿಲ್ಲಾಕಾಗಾಕಿಲ್ಲ. ನಿಲ್ಸಿ ಉಯ್ಯೋದು ಮೈನ್ಸಿನಾಗೆ. ಅಲ್ಲಿ ಕೇಬಲ್ಲು ಶಾಫ್ಟಿನಾಗೆ ಉದ್ದಕ್ಕೆ ತೂಗಾಡ್ತಿರ್ತದೆ, ಪೆಟ್ಟಿಗೇನೂ ಅದರ್ ಜೊತೆ ನಿಂತೇ ಇರ್ತದೆ.”

“ಹಾಗಾದರೆ ಇದನ್ನು ನೋಡಿ.”

ಪೆಟ್ಟಿಗೆಯ ತುದಿಯ ಗುಳಿಗೆ ನನ್ನ ಮುಷ್ಟಿ ಇಟ್ಟು ತೋರಿಸಿದೆ.

ಅವನು ನೋಡಿದ. ನಗು ಮುಖದಲ್ಲೇ ಉಳಿದಿತ್ತು, ಕಣ್ಣು ಮಾತ್ರ ಬದಲಾಯಿತು. ತೆವಳಿಕೊಂಡು ಹತ್ತಿರ ಬಂದ. ನುಣ್ಣಗಿದ್ದ ಉದ್ದದ ಮೈ ಸವರಿದ. ಗುಳಿ ಸವರಿದ.

“ಇದು ನಿಂತು ಆರಿರೋದು,” ಎಂದ ಮೆಲ್ಲಗೆ.

“ಹೌದು. ನಿಮ್ಮ ಕೈ ಕೆಲಸವೇ, ಆದರೆ ಕಡಲಿನದಲ್ಲ. ಯಾವುದೋ ಶಾಫ್ಟಿನಿಂದ ಕಿತ್ತು ತಂದು, ಚಿಪ್ಪು ಅಂಟಿಸಿ, ನಿಮ್ಮ ಎದುರಿಗಿಟ್ಟಿದ್ದಾರೆ. ನೀವು ನಿಮ್ಮ ಸುತ್ತು ನೋಡಿ ಸಹಿ ಹಾಕಿದಿರಿ. ನೀವು ಕಡಲಲ್ಲಿ ಮಾಡಿದ ಜಾಯಿಂಟು ಬೇರೆ ಎಲ್ಲೋ ಇದೆ, ಅದು ಚೆನ್ನಾಗಿಯೇ ಇರಬೇಕು. ಇಲ್ಲದಿದ್ದರೆ ಅದನ್ನೇ ತೋರಿಸುತ್ತಿದ್ದರು. ಕೆಟ್ಟದ್ದು ಕೋದಂಡಪ್ಪನ ಕೇಬಲ್ಲು.”

ಅಮ್ಮಾಜಮ್ಮ “ಅಪ್ಪಾ!” ಎಂದು ಅವನ ಭುಜ ಹಿಡಿದು ಅಲ್ಲಾಡಿಸಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಮುದುಕ ಪೆಟ್ಟಿಗೆಯ ಕೆಳಮೂಲೆಯಲ್ಲಿ ಏನನ್ನೋ ಹುಡುಕುತ್ತಿದ್ದ. ಅಲ್ಲೊಂದು ನೆಗ್ಗಿದ ಗುರುತಿತ್ತು. ಕಡಲ ತಳದ ಬಂಡೆ ಬಡಿದದ್ದು ಎಂದು ಕೋದಂಡಪ್ಪ ಹೇಳಿದ್ದ ಗುರುತು.

“ಇದಾ?” ಎಂದುಕೊಂಡ. “ಇದನ್ ಇಳಿಸೋವಾಗ ಅಗ್ಗ ಜಾರ್ತು. ಶಾಫ್ಟಿನ ಗೋಡೆಗ್ ಬಡೀತು. ನಾನ್ ಚೆನ್ನಾಗ್ ಬೈದಿದ್ದೆ.”

“ಯಾವ ಶಾಫ್ಟು?”

“ಮುಚ್ಚಿರೋದಮ್ಮ. ಆ ಕೇಬಲ್ಲಿಗೆ ಕರೆಂಟ್ ಬುಟ್ಟು ಎಷ್ಟೋ ವರ್ಸ ಆಯ್ತು. ಕಡೆಗೆ ಇಳಿದೋರು ನಾವಿಬ್ರೇ. ಅಲ್ಲೊಂದು ಜಾಯಿಂಟ್ ಐತೆ ಅಂತ ಗೊತ್ತಿರೋರೇ…”

ನೆಗ್ಗಿದ ಗುರುತಿನ ಮೇಲಿಂದ ಕೈ ಹಿಂತೆಗೆದ.

“ಯಾರನ್ನು ಬೈದಿರಿ? ಇನ್ನೊಬ್ಬ ಯಾರು?”

“ಮರ್ತೋಗೈತೆ,” ಎಂದ.

“ಕುಪ್ಪುಸ್ವಾಮಿಯವರೇ, ಬೈದದ್ದು ನೆನಪಿದೆ, ಬೈಸಿಕೊಂಡವನು ನೆನಪಿಲ್ಲವೇ?”

“ವಯಸ್ಸಾಯ್ತಮ್ಮ.” ಗುಳಿಯ ಮೇಲೆ ಅಂಗೈ ಇಟ್ಟ. “ಈ ಗುಳಿ ವಿಸ್ಯ ಯಾರ್ ಯಾರಿಗ್ ಏಳಿದ್ದೀರಿ?”

“ನಿಮಗೇ ಮೊದಲು. ಈಗ ಪೊಲೀಸರಿಗೆ ಫೋನ್ ಮಾಡುತ್ತೇನೆ.”

“ಮಾಡಿ. ಆಂಡರ್ಸನ್‌ಪೇಟೆ ಔಸ್ದಿ ಅಂಗಡೀಲಿ ಫೋನೈತೆ. ಇದ್ಯಾಕೆ ಒತ್ಕೊಂಡ್ ತಿರುಗ್ತೀರಿ, ಇಲ್ಲೇ ಇರ್ಲಿ. ನಾನ್ ನೋಡ್ಕಂತೀನಿ.”

ಅವನನ್ನು ಬಿಡಿಸುವ ಏಕೈಕ ಸಾಕ್ಷಿ ಅದು. ಅವನಿಗಿಂತ ಒಳ್ಳೆಯ ಕಾವಲುಗಾರ ಯಾರು ಸಿಗಬೇಕು ಎಂದುಕೊಂಡೆ. ನನ್ನ ಸರ್ವೀಸಿನಲ್ಲಿ ಇಷ್ಟು ಪೆದ್ದಾಗಿ ನಾನು ಯಾವತ್ತೂ ಯೋಚಿಸಿರಲಿಲ್ಲ.

*

ಟ್ರಂಕ್ ಕಾಲು ಸಿಗಲು ತಡವಾಯಿತು. ಔಷಧಿ ಅಂಗಡಿಯ ಸ್ಟೂಲಿನ ಮೇಲೆ ಕೂತು, ಕೆಮ್ಮಿನ ಔಷಧಿಗೆ ಬಂದವರನ್ನೆಲ್ಲ ನೋಡಿ ಮುಗಿಸಿದೆ. ಕೊನೆಗೂ ಕರಾವಳಿಯ ಇನ್ಸ್‌ಪೆಕ್ಟರು ಲೈನಿಗೆ ಬಂದರು. ವಿಷಯ ಕೇಳಿ, “ಅರೆ, ಅದನ್ನ ಹಾಗೇ ಇಟ್ಟಿರಿ, ಬೆಳಿಗ್ಗೆ ಬಂದು ಕಣ್ಣಾರೆ ನೋಡ್ತೀನಿ. ಮುದುಕನ್ನ ಕರಕೊಂಡು ಹೋಗೋ ಮಾತು ಆಮೇಲೆ,” ಎಂದರು. ನಾನು ಹಗುರಾಗಿ ವ್ಯಾನು ಹತ್ತಿದೆ.

ಲೈನ್ ಮನೆಗಳ ತಿರುವಿನಲ್ಲೇ ವಾಸನೆ ಬಂತು. ರಸ್ತೆಗೆ ಹಾಕುವ ಡಾಂಬರಿನ ವಾಸನೆ. ಆದರೆ ಅಲ್ಲೆಲ್ಲೂ ರಸ್ತೆ ಕೆಲಸ ನಡೆಯುತ್ತಿರಲಿಲ್ಲ.

ನಾನು ವ್ಯಾನು ನಿಲ್ಲುವ ಮೊದಲೇ ಇಳಿದು ಓಡಿದೆ.

ಜಗಲಿಯ ಮೇಲೆ ಕುಪ್ಪುಸ್ವಾಮಿ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಬ್ಲೋ ಲ್ಯಾಂಪು ಬುಸುಗುಡುತ್ತಿತ್ತು. ನೀಲಿ ಜ್ವಾಲೆ ಪೆಟ್ಟಿಗೆಯ ತುದಿಯಿಂದ ತುದಿಗೆ ನಿಧಾನವಾಗಿ ಹೋಗಿ ಬರುತ್ತಿತ್ತು. ಡಾಂಬರು ಕರಗಿ ಕುದಿದು ಪೆಟ್ಟಿಗೆಯ ತುಂಬ ಸಮವಾಗಿ ಹರಡಿತ್ತು. ಹೆಚ್ಚಾದದ್ದು ಮೆಟ್ಟಿಲ ಮೇಲೆ ಇಳಿದು ಕಪ್ಪಗೆ ಹೆಪ್ಪುಗಟ್ಟುತ್ತಿತ್ತು. ಗುಳಿ ಇದ್ದ ಜಾಗವೇ ಇರಲಿಲ್ಲ.

“ಏನು ಮಾಡಿದಿರಿ ನೀವು?” ನಾನು ಕಿರುಚಿದೆ. ಬೀದಿಯವರೆಲ್ಲ ಹೊರಗೆ ಬಂದರು.

ಅವನು ಬ್ಲೋ ಲ್ಯಾಂಪು ಆರಿಸಿ, ಪಕ್ಕಕ್ಕೆ ಜೋಪಾನವಾಗಿ ಇಟ್ಟ.

“ಈಗ ಇದು ನಿಂತಿತ್ತೋ ಮಲಗಿತ್ತೋ, ಯಾರ್ ಏಳ್ತಾರಮ್ಮ? ನಾನ್ ಬರ್ಕೊಟ್ಟಿರೋದು ಅಂಗೇ ಇರ್ಲಿ. ಇದು ಕಡಲಿನ್ದೇ. ತಪ್ಪು ನಂದೇ.”

“ನಾಳೆ ನಿಮ್ಮನ್ನು ಕರೆದುಕೊಂಡು ಹೋಗುತ್ತಾರೆ!”

“ಓಗ್ಲಿ.”

ನನಗೆ ಅವನನ್ನು ಹಿಡಿದು ಬಡಿಯಬೇಕೆನಿಸಿತು. ಅಷ್ಟರಲ್ಲಿ ನೀರಿನ ಕೊಡ ಹೊತ್ತು ಅಮ್ಮಾಜಮ್ಮ ಬಂದಳು. ಅಪ್ಪ ಅವಳನ್ನು ಬೇಕೆಂದೇ ನಲ್ಲಿಗೆ ಕಳಿಸಿದ್ದನಂತೆ. ಕೊಡ ಇಳಿಸಿದಳು. ಪೆಟ್ಟಿಗೆ ನೋಡಿದಳು, ಬ್ಲೋ ಲ್ಯಾಂಪು ನೋಡಿದಳು. ಏನನ್ನೂ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

“ಅಪ್ಪಾ,” ಎಂದಳು. “ಇದನ್ ಇಳಿಸೋವಾಗ ಅಗ್ಗ ಜಾರಿಸ್ದೋರು ಯಾರು?”

ಅವನು ಬ್ಲೋ ಲ್ಯಾಂಪನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿದ.

“ನಮ್ಮನೆಯೋರಾ?”

“ನಂಗ್ ವಯಸ್ಸಾಯ್ತು ತಾಯಿ,” ಎಂದ ಕುಪ್ಪುಸ್ವಾಮಿ. “ಜೈಲಾಗಿದ್ರೇನು, ಇಲ್ಲಿದ್ರೇನು. ನಿಂಗಿನ್ನೂ ಎಲ್ಡು ಸಣ್ ಮಕ್ಳವೆ.”

ನಿಜ ತೆಗೆಯಿರಿ ಎಂದು ನನ್ನ ಕೈ ಹಿಡಿದು ಬೇಡಿದವಳು ಅವಳು. ನಾನು ತೆಗೆದು ಕೊಟ್ಟಿದ್ದೆ. ಅಪ್ಪನನ್ನು ಉಳಿಸಿಕೊಳ್ಳಬೇಕಾದರೆ ಈಗ ಅವಳು, ಆ ಜಾಯಿಂಟನ್ನು ಕಿತ್ತು ಕೋದಂಡಪ್ಪನಿಗೆ ಕೊಟ್ಟಿರಬೇಕಾದ ಗಂಡನನ್ನು ಕಳೆದುಕೊಳ್ಳಬೇಕು. ಅವಳ ಮುಖ ನೋಡಲು ನನಗೆ ನಿಜಕ್ಕೂ ಆಗಲಿಲ್ಲ.

ಅವಳು ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಕೂತ್ಕೊಳ್ಳಿ ಅಮ್ಮ. ಅವ್ರು ಶಿಫ್ಟ್ ಮುಗಿಸ್ಕೊಂಡ್ ಬರ್ಲಿ. ನಿಮ್ ಎದುರಿಗೇ ಕೇಳ್ತೀನಿ. ನನ್ ಮಕ್ಕಳ ಮ್ಯಾಲೆ ಆಣೆ ಇಟ್ಟು ಏಳ್ಲಿ.”

“ಬ್ಯಾಡ ಕಣಮ್ಮ,” ಎಂದ ಮುದುಕ.

ಅವಳು ಕೇಳಿಸಿಕೊಳ್ಳದೆ ನನಗೆ ಚಾಪೆ ತರಲು ಒಳಗೆ ಹೋದಳು. ಚಾಪೆ ಬರಲಿಲ್ಲ. ನಾನು ಎದ್ದು ಬಾಗಿಲಲ್ಲಿ ಇಣುಕಿದೆ. ಅವಳು ಗೋಡೆಯ ಮೊಳೆಯ ಎದುರು ನಿಂತಿದ್ದಳು. ಮೊಳೆಯಲ್ಲಿ ಕದಿರಪ್ಪ ಗಣಿಗೆ ಇಳಿಯುವಾಗ ಹಾಕಿಕೊಳ್ಳುವ ಗಟ್ಟಿ ಟೊಪ್ಪಿ ನೇತಾಡುತ್ತಿತ್ತು. ಅದರ ಕೆಳಗೆ, ಒಂದರ ಪಕ್ಕ ಒಂದು, ಅವನ ಬೂಟುಗಳಿದ್ದವು.

“ಅಪ್ಪಾ, ಇವೆಲ್ಲ ಇಲ್ಲೇ ಅವೆ,” ಎಂದಳು ತಿರುಗದೆ. “ಅವ್ರು ಓಗಿದ್ದು ಎಲ್ಲಿಗೆ?”